ಮನೆಯೊಳಗಿನ ವಿಜ್ಞಾನ: ಕಾಯಿಸಿದರೂ ಹೋಗದ ಫ್ಲೋರೈಡ್

ಹಿಂದೂಪುರ, ಕಲ್ಯಾಣದುರ್ಗದ ಕಡೆ ಅಂಗಡಿ, ಮಂಡಿ ಇಟ್ಟು ನೆಲೆಸಿದ ನಮ್ಮ ಕುಟುಂಬಗಳಲ್ಲಿ ಸೋಸದ ನೀರು ಕುಡಿಯುವ ಪದ್ಧತಿಯಿಲ್ಲ. ಹಲವರು ಕಾಯಿಸಿ ಆರಿಸಿಯೇ ಕುಡಿಯುತ್ತಾರೆ. ಒಳ್ಳೆಯದೇ. ಆದರೆ ಅನಂತಪುರ ಸೀಮೆಯ ಎಷ್ಟೋ ಬೋರುಗಳ ನೀರಿನಲ್ಲಿ ಬಟ್ಟೆಗೂ ಬೆಂಕಿಗೂ ಜಗ್ಗದ ಒಂದು ವಸ್ತುವಿದೆ, ಅದೇ ಫ್ಲೋರೈಡ್. ಅದೇಕೆ ಜಗ್ಗದು ಎಂದು ತಿಳಿಯಲು ಪರಮಾಣುವಿನ ಖಾತೆಪುಸ್ತಕವನ್ನು ಸ್ವಲ್ಪ ತೆರೆದು ನೋಡೋಣ. (ನಮ್ಮ ಶಾಸ್ತ್ರದ ಪರಮಾಣು ಒಡೆಯಲಾಗದ್ದು, ವಿಜ್ಞಾನದವರು ಅದೇ ಹೆಸರಿನಿಂದ ಕರೆಯುವುದು ಬೇರೆಯದನ್ನು.)

ಈ ಪರಮಾಣುವಿನ ನಡುವೆ ಬೀಜಕೇಂದ್ರ, ಸುತ್ತಲೂ ಕವಚಗಳಲ್ಲಿ ಎಲೆಕ್ಟ್ರಾನುಗಳು. ಮೊದಲ ಕವಚದಲ್ಲಿ 2, ಎರಡನೆಯದರಲ್ಲಿ 8 ಹಿಡಿಸುತ್ತವೆ. ನಿಯಾನ್ ಅನಿಲದ ಲೆಕ್ಕ 2, 8. ಹೊರಕವಚ ತುಂಬಿರುವುದರಿಂದ ಅದು ಯಾರೊಡನೆಯೂ ವ್ಯವಹಾರಕ್ಕೆ ಬರುವುದಿಲ್ಲ. ಫ್ಲೋರಿನ್ನಿನದು 2, 7, ಒಂದು ಬಾಕಿ. ಕ್ಯಾಲ್ಸಿಯಂನದು 2, 8, 8, 2. ಅದು ಹೊರಗಿನ ಎರಡನ್ನು ಬಿಟ್ಟುಕೊಡುತ್ತದೆ, ಎರಡು ಫ್ಲೋರಿನ್ ಪರಮಾಣುಗಳು ಒಂದೊಂದನ್ನು ಪಡೆಯುತ್ತವೆ. ರಾಸಾಯನಿಕ ಕ್ರಿಯೆ ಎಂದರೆ ಬಹುಮಟ್ಟಿಗೆ ಇಂಥ ಕೊಡುಕೊಳ್ಳುವಿಕೆ, ಇಲ್ಲವೇ ಪಾಲುಗಾರಿಕೆ. ಎಲೆಕ್ಟ್ರಾನ್ ಪಡೆದ ಫ್ಲೋರಿನ್ನೇ ಫ್ಲೋರೈಡ್. ನಮ್ಮ ಕಡೆಯ ಗ್ರಾನೈಟ್ ಬಂಡೆಗಳ ಖನಿಜಗಳಲ್ಲಿ ಅದು ಅಡಗಿದ್ದು, ಬಿರುಕುಗಳಲ್ಲಿ ನಿಂತ ನೀರಿಗೆ ಮೆಲ್ಲನೆ ಇಳಿಯುತ್ತದೆ.

ಬಾಕಿ ತೀರಿದ ಫ್ಲೋರೈಡ್ ಬೆಂಕಿಗೆ ಹೆದರುವುದಿಲ್ಲ. ಕಾಯಿಸಿದಾಗ ಆವಿಯಾಗಿ ಹೋಗುವುದು ನೀರು. ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ಎರಡು ಲೀಟರ್ ನೀರು ಕುದಿದು ಒಂದಾದರೆ ಅದರ ಸಾಂದ್ರತೆ ಸುಮಾರು ಇಮ್ಮಡಿ. ತಳದಲ್ಲಿ ಕೂರುವ ಬಿಳಿ ಹಕ್ಕಳೆಯನ್ನು ನೋಡಿ "ಕೊಳೆಯೆಲ್ಲ ಇಳಿಯಿತು" ಎನ್ನುವವರುಂಟು. ಅದು ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದಕಲ್ಲಿನ ಜಾತಿಯದು. ಕ್ರಿಮಿಗಳಿಗೆ ಕಾಯಿಸುವುದು ಸರಿ, ಫ್ಲೋರೈಡಿಗೆ ಅಲ್ಲ.

ಹೊಟ್ಟೆಗೆ ಸೇರಿದ ಫ್ಲೋರೈಡ್ ಹುಡುಕಿಕೊಂಡು ಹೋಗುವುದು ಕ್ಯಾಲ್ಸಿಯಂ ಇರುವ ಮೂಳೆಯನ್ನೇ. ಅಲ್ಲಿ ಹೈಡ್ರಾಕ್ಸಿಲ್ ಕುಳಿತ ಜಾಗವನ್ನು ಇದು ಆಕ್ರಮಿಸುತ್ತದೆ. ಎರಡರ ವಿದ್ಯುದಂಶವೂ ಒಂದೇ, ಗಾತ್ರವೂ ಹತ್ತಿರ ಹತ್ತಿರ. ಹಲ್ಲು ಮೂಡುವ ವಯಸ್ಸಿನ ಮಕ್ಕಳಿಗೆ ಹಲ್ಲಿನ ಮೇಲೆ ಕಲೆ. ವರ್ಷಗಟ್ಟಲೆ ಹೆಚ್ಚು ಸೇರಿದರೆ ದೊಡ್ಡವರಿಗೆ ಕೀಲುನೋವು, ಬೆನ್ನು ಬಿಗಿತ. ಮೂಳೆ ಕೆಟ್ಟ ಮೇಲೆ ಹಿಂದಿನಂತೆ ಮಾಡುವ ಔಷಧಿಯಿಲ್ಲ.

ಆಂಧ್ರದ ಈ ಪೀಡೆಯ ಬಗ್ಗೆ ವೈದ್ಯರು 1937ರಲ್ಲೇ ಬರೆದಿದ್ದರು. 1990ರ ದಶಕದಲ್ಲಿ ಸತ್ಯಸಾಯಿ ಟ್ರಸ್ಟಿನ ಯೋಜನೆಯಿಂದ ಅನಂತಪುರ ಜಿಲ್ಲೆಯ ನೂರಾರು ಹಳ್ಳಿಗಳಿಗೆ ಕುಡಿಯುವ ನೀರು ಬಂತು. ನಲ್ಲಿ ನೀರಿದ್ದರೂ ಬೋರ್ ನೀರೇ ರುಚಿ ಎನ್ನುವ ಹಿರಿಯರಿಗೆ ಮಾತ್ರ ಏನು ಹೇಳುವುದೋ!

ಸರಕಾರಿ ಮಾನದಂಡದಂತೆ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸರಿ. ಬೇರೆ ನೀರೇ ಸಿಗದ ಕಡೆ 1.5ರವರೆಗೆ. ನೋಟದಿಂದಲೂ ರುಚಿಯಿಂದಲೂ ಇದು ತಿಳಿಯದು, ಪರೀಕ್ಷೆಯೇ ಆಗಬೇಕು. ಹೆಚ್ಚೆಂದು ಬಂದರೆ ಆರ್‌.ಒ. ಯಂತ್ರವಾಗಲಿ, ಅಲ್ಯೂಮಿನಾ ತುಂಬಿದ ಸೋಸುಕವಾಗಲಿ ಉಪಯೋಗಕ್ಕೆ ಬರುತ್ತದೆ. ಅಳತೆಯಿಲ್ಲದೆ ಪಟಿಕ ಹಾಕಬೇಡಿ. ಮಾದರಿ ನೀರನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ಒಯ್ಯಿರಿ. ಫ್ಲೋರೈಡ್ ಗಾಜಿನೊಡನೆಯೂ ವ್ಯವಹಾರ ಮಾಡಬಲ್ಲದು.