ಹಲ್ಲು ಎಣಿಸಿದ ತರಗತಿ

ಅಭ್ಯಾಸ ಬೋಧನೆಯ ಮೂರನೇ ವಾರ. ಮೊಸಳೆ ಕಡೆಯ ಒಂದು ಪ್ರೌಢಶಾಲೆಯಲ್ಲಿ 8ನೇ ತರಗತಿಗೆ ವಿಲೋಮ ಅನುಪಾತ ಹೇಳುತ್ತಿದ್ದೆ. ಪಾಠಯೋಜನೆಯಲ್ಲಿದ್ದದ್ದು ಮಾಮೂಲಿ ಉದಾಹರಣೆ: ಆಳು ಹೆಚ್ಚಾದರೆ ದಿನ ಕಡಿಮೆ. ಮಕ್ಕಳು ತೂಕಡಿಸುವುದನ್ನು ಕಂಡು ಬೋರ್ಡಿನ ಮೇಲೆ ಸೈಕಲ್ ಬರೆದು, ‘ಚೈನ್ ವೀಲ್ ದೊಡ್ಡದಾದಷ್ಟೂ ಗಾಡಿ ಜೋರು’ ಎಂದುಬಿಟ್ಟೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದ. “ಮಿಸ್, ಬೈಕಲ್ಲಿ ಅದು ಉಲ್ಟಾ. ಹಿಂದ್ಗಡೆ ದೊಡ್ ಸ್ಪ್ರಾಕೆಟ್ ಹಾಕಿದ್ರೆ ಗಾಡಿ ಓಡಲ್ಲ, ಎಳೀತದೆ.”

ನಾನು ಭೌತವಿಜ್ಞಾನ ಓದಿದವಳು. ಆದರೂ ಆ ಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ. ‘ನಾಳೆ ನೋಡೋಣ’ ಎಂದು ಕೂರಿಸಿದೆ.

ಆಮೇಲೆ ವಿಚಾರಿಸಿದಾಗ ತಿಳಿಯಿತು. ಅವನು ಮಾವನ ಗ್ಯಾರೇಜಿನಲ್ಲಿ ಒಂದು ಪುಟ್ಟ ಬೈಕು ಕಟ್ಟುತ್ತಿದ್ದಾನೆ. ಮೂಲೆಗೆ ಬಿದ್ದಿದ್ದ ಪೆಟ್ರೋಲ್ ಪಂಪ್‌ಸೆಟ್ಟಿನ ಎಂಜಿನ್, ಗುಜರಿಯಲ್ಲಿ ಸಿಕ್ಕ ಸ್ಕೂಟರಿನ ಎರಡು ಚಕ್ರ, ವೆಲ್ಡ್ ಮಾಡಿದ ಪೈಪು. ಎಂಜಿನ್ನಿಗೆ 14 ಹಲ್ಲಿನದು, ಹಿಂದಿನ ಚಕ್ರಕ್ಕೆ 42 ಹಲ್ಲಿನದು, ಹಳೇ ಬೈಕಿನ ಒಂದು ಸೆಟ್ ಅವನ ಬಳಿ ಇತ್ತು. ಹಿಂದಿನದನ್ನು ಇನ್ನೂ ಚಿಕ್ಕದು ಮಾಡಿದರೆ ಇನ್ನೂ ಜೋರಾಗಿ ಹೋಗುತ್ತದಲ್ಲ ಎಂಬುದು ಅವನ ಪ್ರಶ್ನೆ. ಗಣಿತದ ಕಿರುಪರೀಕ್ಷೆಯಲ್ಲಿ ಅವನಿಗೆ ಬಂದದ್ದು 25ಕ್ಕೆ 6.

ಇಂಥದಕ್ಕೆಲ್ಲ ತಲೆ ಹಾಕಬೇಡಿ ಎಂದು ಜೊತೆಯ ಪ್ರಶಿಕ್ಷಣಾರ್ಥಿಗಳು ಹೇಳಿದರು. ಅವರ ಹೆದರಿಕೆ ಸುಳ್ಳಲ್ಲ, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ತಲೆ ಹಾಕಲೇಬೇಕು ಎಂಬುದು ನನ್ನ ಅಭಿಪ್ರಾಯ.

ಮೊದಲು ನನ್ನ ತಪ್ಪು. ಸೈಕಲ್ಲಿನಲ್ಲಿ ದೊಡ್ಡ ಹಲ್ಲುಚಕ್ರ ತುಳಿಯುವ ಕಡೆ ಇರುತ್ತದೆ, ಬೈಕಿನಲ್ಲಿ ಓಡುವ ಚಕ್ರದ ಕಡೆ. ಏಕೆ? ಮರುದಿನ ತರಗತಿಗೆ ಇದೇ ಪ್ರಶ್ನೆ ಹಾಕಿದೆ. 40 ಕಿಲೋ ತೂಕದ ಹುಡುಗ 17 ಸೆಂಟಿಮೀಟರ್ ಉದ್ದದ ಪೆಡಲ್ ಕ್ರ್ಯಾಂಕಿನ ಮೇಲೆ ಎದ್ದು ನಿಂತರೆ ಸಿಗುವ ಟಾರ್ಕ್, ಅಂದರೆ ತಿರುಗಿಸುವ ಬಲ, ಸುಮಾರು 66 ನ್ಯೂಟನ್ ಮೀಟರ್. ಪಂಪ್‌ಸೆಟ್ಟಿಗೆ ಹಾಕುವ 163 ಸಿಸಿಯ ಹೋಂಡಾ ಜಿಎಕ್ಸ್160 ಎಂಜಿನ್ ಕೊಡುವುದು ಹೆಚ್ಚೆಂದರೆ 10. ನಮ್ಮ ಕಾಲು ಎಂಜಿನ್ನಿಗಿಂತ ಆರು ಪಟ್ಟು ಗಟ್ಟಿ! ಆದರೆ ಕಾಲು ನಿಮಿಷಕ್ಕೆ 60 ಸುತ್ತು ತುಳಿದರೆ ಹೆಚ್ಚು, ಎಂಜಿನ್ 3600 ಸುತ್ತು ತಿರುಗುತ್ತದೆ. ಬಲವಿದ್ದು ನಿಧಾನವಾದ ಕಾಲಿಗೆ ವೇಗ ಬೇಕು. ವೇಗವಿದ್ದು ಬಲವಿಲ್ಲದ ಎಂಜಿನ್ನಿಗೆ ಬಲ ಬೇಕು. ಅದಕ್ಕೇ ಹಲ್ಲುಗಳು ಉಲ್ಟಾ. ಆಲೆಮನೆಯಲ್ಲಿ ಎಂಜಿನ್ನಿನ ಚಿಕ್ಕ ಪುಲ್ಲಿಯಿಂದ ಗಾಣದ ದೊಡ್ಡ ಚಕ್ರಕ್ಕೆ ಬೆಲ್ಟ್ ಹಾಕಿರುವುದನ್ನು ಮಕ್ಕಳೇ ನೆನಪಿಸಿದರು.

ಲೆಕ್ಕಕ್ಕೆ ಕೂತೆವು. ಸ್ಕೂಟರ್ ಚಕ್ರಕ್ಕೆ ಸೀಮೆಸುಣ್ಣದ ಗುರುತು ಹಾಕಿ ಒಂದು ಸುತ್ತು ಉರುಳಿಸಿ ಅಳೆದರೆ 1.35 ಮೀಟರ್. 14ಕ್ಕೆ 42, ಅಂದರೆ ಎಂಜಿನ್ ಮೂರು ಸುತ್ತಿಗೆ ಚಕ್ರ ಒಂದು ಸುತ್ತು. ನಿಮಿಷಕ್ಕೆ 1200 ಸುತ್ತು, ಗಂಟೆಗೆ 97 ಕಿಲೋಮೀಟರ್. ಹುಡುಗರು ಚಪ್ಪಾಳೆ ತಟ್ಟಿದರು. ಈಗ ನೂಕುವ ಬಲ ನೋಡಿ ಎಂದೆ. 10 ನ್ಯೂಟನ್ ಮೀಟರ್ ಮೂರು ಪಟ್ಟಾಗಿ 30. ಚಕ್ರದ ತ್ರಿಜ್ಯ 0.215 ಮೀಟರಿನಿಂದ ಭಾಗಿಸಿದರೆ ಸುಮಾರು 140 ನ್ಯೂಟನ್. ಗಾಡಿ, ಸವಾರ ಸೇರಿ 100 ಕಿಲೋ ಇದ್ದು, ಐದು ಮೀಟರಿಗೆ ಒಂದು ಮೀಟರ್ ಏರುವ ಚಾನೆಲ್ ಏರಿ ಹತ್ತಬೇಕಾದರೆ 196 ನ್ಯೂಟನ್ ಬೇಕು. ಗಾಡಿ ಏರುವುದಿಲ್ಲ. ಹಳೇ ಮೊಪೆಡ್ಡಿನಂಥ ಸೆಂಟ್ರಿಫ್ಯೂಗಲ್ ಕ್ಲಚ್ ಹಾಕಿದ್ದರೆ ಅದು ಜಾರಿ ಜಾರಿ ಸುಟ್ಟು ಹೋಗುತ್ತದೆ. 97 ಕಿಲೋಮೀಟರ್ ಎಂಬುದೂ ಕಾಗದದ ಮೇಲಿನ ಮಾತೇ, ಆ ವೇಗದ ಗಾಳಿಯನ್ನು ಸೀಳುವ ಶಕ್ತಿ ಆ ಎಂಜಿನ್ನಿಗಿಲ್ಲ.

ಗುಜರಿಯಿಂದ ಅದೇ ಅಳತೆಯ ಇನ್ನೊಂದು ಸೆಟ್ ತಂದು ನಡುವೆ ಒಂದು ಶಾಫ್ಟ್ ಕೂರಿಸಿದರೆ? ಮೂರು ಮೂರಲಿ ಒಂಬತ್ತು. ವೇಗ 32 ಕಿಲೋಮೀಟರ್, ನೂಕುಬಲ 419 ನ್ಯೂಟನ್. ಘರ್ಷಣೆಯನ್ನು ಬಿಟ್ಟು ಹಾಕಿದ ಲೆಕ್ಕವಿದು. ಎರಡೂ ಸಾಲುಗಳಲ್ಲಿ ವೇಗವನ್ನು ಬಲದಿಂದ ಗುಣಿಸಿ ಎಂದೆ. ಹೆಚ್ಚುಕಡಿಮೆ ಒಂದೇ ಉತ್ತರ, 13,500ರ ಆಚೀಚೆ. ಇದಕ್ಕಿಂತ ಒಳ್ಳೆಯ ವಿಲೋಮ ಅನುಪಾತದ ಕೋಷ್ಟಕ ನನಗೆ ಇನ್ನೂ ಸಿಕ್ಕಿಲ್ಲ.

ಅಂದು ಇನ್ನೊಂದು ಸಂಗತಿಯೂ ಸಿಕ್ಕಿತು. 112 ಕೊಂಡಿಯ ಚೈನಿಗೆ 14 ಹಲ್ಲಿನ ಸ್ಪ್ರಾಕೆಟ್ ಹಾಕಿದರೆ ಒಂದೊಂದು ಹಲ್ಲಿಗೂ ಸದಾ ಅವೇ ಎಂಟು ಕೊಂಡಿ ಎದುರಾಗುತ್ತವೆ. 15 ಹಲ್ಲಾದರೆ ಮ.ಸಾ.ಅ. ಒಂದು, ಪ್ರತಿ ಹಲ್ಲೂ ಎಲ್ಲ ಕೊಂಡಿಗಳನ್ನೂ ಸರದಿಯಂತೆ ಮುಟ್ಟುತ್ತದೆ, ಸವೆತ ಹಂಚಿಹೋಗುತ್ತದೆ. ಮ.ಸಾ.ಅ. ಯಾತಕ್ಕೆ ಎಂದು ಕೇಳುವ ಮಕ್ಕಳಿಗೆ ನನ್ನ ಹತ್ತಿರ ಈಗ ಒಂದು ಉತ್ತರವಿದೆ.

ಇನ್ನು ಹೆದರಿಕೆಯ ಮಾತು. ಇದು ನೋಂದಣಿಯಿಲ್ಲದ ಗಾಡಿ, ಹುಡುಗನಿಗೆ ಹದಿಮೂರು. ಅಪ್ರಾಪ್ತರು ಗಾಡಿ ಓಡಿಸಿ ಸಿಕ್ಕಿಬಿದ್ದರೆ 2019ರ ಮೋಟಾರು ವಾಹನ ತಿದ್ದುಪಡಿಯ ಪ್ರಕಾರ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಮೊಸಳೆಯ ಜೋಡಿ ದೇವಸ್ಥಾನ ನೋಡಲು ಬರುವ ಕಾರುಗಳು ಓಡಾಡುವ ರಸ್ತೆಗೆ ಅದು ಇಳಿಯಲೇಬಾರದು. ರಾಗಿ ಕೊಯ್ದ ಹೊಲದಲ್ಲಿ, ಹೆಲ್ಮೆಟ್ ಹಾಕಿ, ಮಾವ ಎದುರಿಗಿದ್ದಾಗ ಮಾತ್ರ ಎಂದು ಅವನಿಗೂ ಹೇಳಿದೆ, ಗ್ಯಾರೇಜಿಗೆ ಹೋಗಿ ಅವನ ಮಾವನಿಗೂ ಹೇಳಿ ಬಂದೆ. ಆದರೆ ನಾವು ಬಾಯಿ ಮುಚ್ಚಿಕೊಂಡರೆ ಅವನು ಬೈಕು ಕಟ್ಟುವುದನ್ನೇನೂ ನಿಲ್ಲಿಸುವುದಿಲ್ಲ. ಲೆಕ್ಕವಿಲ್ಲದೆ ಕಟ್ಟುತ್ತಾನೆ, ಅಷ್ಟೇ. ಒಂಬತ್ತರ ಲೆಕ್ಕ ಅವನ ವೇಗವನ್ನು 32ಕ್ಕೆ ಕಟ್ಟಿಹಾಕಿದೆ. ನನ್ನ ಬುದ್ಧಿವಾದಕ್ಕೆ ಆ ಶಕ್ತಿ ಇರಲಿಲ್ಲ.

ವೀಕ್ಷಣಾ ಪುಸ್ತಕದಲ್ಲಿ ನನಗೆ ಬಂದ ಷರಾ: ‘ವಿಷಯಾಂತರ. ಸಮಯಪಾಲನೆ ಇಲ್ಲ.’ ಎರಡನೆಯದನ್ನು ಒಪ್ಪುತ್ತೇನೆ, ಎರಡು ಅವಧಿ ಹೋಯಿತು. ಮೊದಲನೆಯದನ್ನು ಒಪ್ಪಲಾರೆ. 5ಇ ಮಾದರಿಯಲ್ಲಿ ‘ಅನ್ವೇಷಣೆ’ ಎಂಬ ಕಾಲಂ ತುಂಬುತ್ತೇವಲ್ಲ, ಅದರಲ್ಲಿ ನಾವು ಬರೆಯುವುದು ಬಹುಪಾಲು ನಮಗೆ ಮೊದಲೇ ಉತ್ತರ ಗೊತ್ತಿರುವ ಪ್ರಶ್ನೆಗಳನ್ನು. ಉತ್ತರ ಗೊತ್ತಿಲ್ಲದ ಪ್ರಶ್ನೆ ಹಿಂದಿನ ಬೆಂಚಿನಿಂದ ಬಂದಾಗ ಅದಕ್ಕೆ ಆ ಕಾಲಮ್ಮಿನಲ್ಲಿ ಜಾಗವಿಲ್ಲವೇ?

ಮುಂದಿನ ತಂಡದವರು ಆ ಶಾಲೆಗೆ ಹೋದರೆ ಎರಡು ವಿಷಯ ನೋಡಿ. ನಡುವಿನ ಶಾಫ್ಟಿಗೆ ಅವನಿಗೆ ಬೇರಿಂಗ್ ಸಿಕ್ಕಿತೇ? ಎರಡೂ ಚೈನಿಗೆ ತಗಡಿನ ಗಾರ್ಡ್ ಹಾಕದೆ ಸ್ಟಾರ್ಟ್ ಮಾಡುವುದಿಲ್ಲ ಎಂದು ನನಗೆ ಮಾತು ಕೊಟ್ಟಿದ್ದ, ಅದನ್ನು ಉಳಿಸಿಕೊಂಡನೇ?