ಗುಜರಿ ಬಜಾರಿನ ಟೇಪು

ಕಛೇರಿಯಿಂದ ಒಂದು ಕಾಗದ ಹೊರಟಿತೆಂದರೆ ಅದರ ‘ಆಫೀಸ್ ಕಾಪಿ’ ಕಡತದಲ್ಲಿ ಉಳಿಯಲೇಬೇಕೆಂಬುದು ಗುಮಾಸ್ತರಾದ ನಮಗೆ ವೇದವಾಕ್ಯ. ಮಣಿನಗರದ ನಮ್ಮ ಮನೆಯ ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ಈ ವೇದ ಮರೆತೇ ಹೋಗಿತ್ತು! ಕಳೆದ ಚಳಿಗಾಲದಲ್ಲಿ ಅದು ಟಕ್ ಟಕ್ ಎಂದು ಸದ್ದು ಮಾಡಿ ಮೌನ ತಾಳಿತು. ಅದರೊಳಗೆ, ಈಗ ನಮ್ಮೊಡನಿಲ್ಲದ ತಾಯಿಯವರು ಹಾಡಿದ ಹನ್ನೆರಡು ಸೋಬಾನದ ಪದಗಳಿದ್ದವು. ಬೇರೆಲ್ಲಿಯೂ ಪ್ರತಿಯಿರಲಿಲ್ಲ. ರಿಪೇರಿಯವನ ಕೈಗುಣದಿಂದ ಎರಡು ದಿನಗಳ ಮೇಲೆ ಮರಳಿ ದೊರೆತವೆನ್ನಿ. ಆ ಎರಡು ದಿನ ಮನೆಯಲ್ಲಿ ಯಾರಿಗೂ ಊಟ ರುಚಿಸಲಿಲ್ಲ.

ಮುಂದಿನ ಭಾನುವಾರವೇ ಸಾಬರಮತಿಯ ದಂಡೆಯಲ್ಲಿ, ಎಲ್ಲಿಸ್ ಸೇತುವೆಯ ಬಳಿ ನೆರೆಯುವ ಗುಜರಿ ಬಜಾರಿಗೆ ಹೋದೆವು. ಡಿಡಿಎಸ್-4 ಜಾತಿಯ ಟೇಪ್ ಡ್ರೈವೊಂದು ಅಗ್ಗಕ್ಕೆ ಕಂಡಿತು. ದೊಡ್ಡ ದೊಡ್ಡ ಕಂಪನಿಗಳೂ ಟೇಪನ್ನೇ ನಂಬುತ್ತವೆಂದು ಓದಿದ್ದೆವು. 2011ರ ಫೆಬ್ರವರಿಯಲ್ಲಿ ಕೆಲವರ ಜಿಮೇಲ್ ಪತ್ರಗಳು ಮಾಯವಾದಾಗ ಗೂಗಲ್ ಅವನ್ನು ಟೇಪಿನಿಂದಲೇ ಮರಳಿ ತಂದಿತಷ್ಟೆ. ಕೈ ಜೇಬಿಗೆ ಹೋಯಿತು.

“ಅಪ್ಪಾ, ಇದರ ವಾಯರ್ ನಮ್ಮ ಕಂಪ್ಯೂಟರಿಗೆ ಎಲ್ಲಿ ಹಚ್ಚೂದು?” ಎಂದ ನಮ್ಮ ಚಿರಂಜೀವಿ.

ಹಚ್ಚಲು ಜಾಗವೇ ಇಲ್ಲ! ಅದಕ್ಕೆ ಬೇಕಾದ ‘ಸ್ಕಸಿ’ ಎಂಬ ಜೋಡಣೆ ಇಂದಿನ ಮನೆಯ ಕಂಪ್ಯೂಟರುಗಳಲ್ಲಿಲ್ಲ. ಒಂದು ಟೇಪು ಹಿಡಿಯುವುದೂ ಬರಿಯ 20 ಗಿಗಾಬೈಟು.

ಹೊಸದನ್ನೇ ಕೊಳ್ಳೋಣವೆಂದರೆ, 2021ರಲ್ಲಿ ಬಂದ ಎಲ್‌ಟಿಒ-9 ಟೇಪೊಂದು 18 ಟೆರಾಬೈಟು ನುಂಗುತ್ತದೆ, ನಿಜ. ಟೇಪಿಗೆ ಸಾವಿರಗಳಲ್ಲಿ ಬೆಲೆ, ಅದನ್ನು ಓದುವ ಯಂತ್ರಕ್ಕೆ ಲಕ್ಷಗಳಲ್ಲಿ! ಮೇಲಾಗಿ ಆ ಯಂತ್ರ ತನ್ನ ಪೀಳಿಗೆಯ ಮತ್ತು ಅದರ ಹಿಂದಿನ ಒಂದೇ ಪೀಳಿಗೆಯ ಟೇಪನ್ನು ಓದೀತು. ಅಪ್ಪನನ್ನು ಬಲ್ಲದು, ಅಜ್ಜನನ್ನು ಅರಿಯದು. ಟೇಪು ಮೂವತ್ತು ವರ್ಷ ಬಾಳಿದರೂ ಯಂತ್ರ ಕೆಟ್ಟ ದಿನ ಅದು ಕೀಲಿಕೈ ಕಳೆದ ಪೆಟ್ಟಿಗೆಯೇ ಸರಿ. ಭಾರಿ ಸಂಸ್ಥೆಗಳಿಗೆ ಅದು ಲಾಭದ ಬಾಬು, ನಮ್ಮಂಥವರಿಗಲ್ಲ.

ಕೊನೆಗೆ ಯುಎಸ್‌ಬಿಗೆ ಹಚ್ಚುವ ಎರಡು ಹಾರ್ಡ್ ಡಿಸ್ಕುಗಳನ್ನು ಕೊಂಡೆವು. ಒಂದು ನಮ್ಮ ಕಪಾಟಿನಲ್ಲಿ, ಇನ್ನೊಂದು ಧಾರವಾಡದ ತಂಗಿಯ ಮನೆಯಲ್ಲಿ. ಅಷ್ಟು ದೂರವೇಕೆಂದು ಕೇಳುವಿರಾ? 2006ರ ಆಗಸ್ಟಿನಲ್ಲಿ ತಾಪಿ ನದಿ ಸೂರತ್ತಿಗೆ ನುಗ್ಗಿದ್ದನ್ನು ಅಲ್ಲಿಯ ನಮ್ಮ ಬಂಧುಗಳನ್ನು ಕೇಳಿರಿ. ಒಂದೇ ಮನೆಯಲ್ಲಿದ್ದ ಎರಡು ಪ್ರತಿಗಳು ನೀರಿನ ಪಾಲಿಗೆ ಒಂದೇ.

ಹಾರ್ಡ್ ಡಿಸ್ಕೂ ಅಮರವಲ್ಲ. ಆದ್ದರಿಂದ ಮೂರು ತಿಂಗಳಿಗೊಮ್ಮೆ ಈ ಪತ್ರಿಕೆ ಕೈಸೇರಿದ ದಿನ ಅದನ್ನು ಹಚ್ಚಿ ತಾಯಿಯವರ ಪದಗಳನ್ನು ಕೇಳುತ್ತೇವೆ. ತಂಗಿಯೂ ಅಲ್ಲಿ ಕೇಳಿ ಫೋನು ಮಾಡುತ್ತಾಳೆ. ಕೇಳಿ ನೋಡದ ಪ್ರತಿಯನ್ನು ನಂಬುವಂತಿಲ್ಲವಷ್ಟೆ.

ವಾಚಕ ಬಂಧುಗಳೇ, ನಿಮ್ಮ ಮನೆಯ ಆಫೀಸ್ ಕಾಪಿ ಎಲ್ಲಿದೆ?