ನಾಲ್ಕು ತೂತೋ, ಒಂದು ಸಣ್ಣ ಕೊಯ್ತವೋ?

"ಪಿತ್ತಕೋಶದಲ್ಲಿ ಕಲ್ಲು" ಅಂದ ತಕ್ಷಣ ನಮ್ಮ ಜನ ಕೇಳೋದು ಒಂದೇ ಪ್ರಶ್ನೆ: "ಲ್ಯಾಪ್ರೋಸ್ಕೋಪಿ ಮಾಡ್ತಾರಾ?" ಇಲ್ಲ ಅಂದ್ರೆ ಆ ಡಾಕ್ಟರು ಹಳೇ ಕಾಲದವರು ಅಂತ ತೀರ್ಪು. ಯಾಕ್ರೀ ಹೀಗೆ?

ತೂತಿನ ಆಪರೇಷನ್ ಗೆದ್ದಿದ್ದು ಯಾರ ಎದುರು ಅಂತ ಮೊದಲು ನೋಡಿ. ಪಕ್ಕೆಲುಬಿನ ಕೆಳಗೆ ಗೇಣುದ್ದ ಕೊಯ್ಯುತ್ತಿದ್ದ ಹಳೇ ಪದ್ಧತಿಯ ಎದುರು. ಆದರೆ ಎಂಟು ಸೆಂಟಿಮೀಟರಿಗಿಂತ ಚಿಕ್ಕ ಕೊಯ್ತದಲ್ಲೂ ಪಿತ್ತಕೋಶ ತೆಗೆಯಬಹುದು. ಅದರ ಜೊತೆ ಹೋಲಿಸಿದರೆ?

1996ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂದ ಇಂಗ್ಲೆಂಡಿನ ಶೆಫೀಲ್ಡ್ ಅಧ್ಯಯನದಲ್ಲಿ 200 ರೋಗಿಗಳಿದ್ದರು. ಯಾರಿಗೆ ಯಾವುದು ಅನ್ನೋದು ಚೀಟಿ ಎತ್ತಿದ ಹಾಗೆ ನಿರ್ಧಾರ. ಎಲ್ಲರ ಹೊಟ್ಟೆಗೂ ಒಂದೇ ಥರದ ಬ್ಯಾಂಡೇಜು, ರೋಗಿಗೂ ನೋಡಿಕೊಳ್ಳೋರಿಗೂ ಗುಟ್ಟು ಗೊತ್ತಾಗಬಾರದು ಅಂತ! ಫಲಿತಾಂಶ? ಆಸ್ಪತ್ರೆವಾಸದಲ್ಲಿ, ಕೆಲಸಕ್ಕೆ ಮರಳಿದ್ದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ತೂತಿನದಕ್ಕೆ ಹಿಡಿದ ಸಮಯ ಮಾತ್ರ ಜಾಸ್ತಿ. 2006ರ ಕಾಕ್ರೇನ್ ಪರಿಶೀಲನೆ 13 ಅಧ್ಯಯನ ಒಟ್ಟಿಗೆ ನೋಡಿದಾಗಲೂ ತೊಡಕು, ಚೇತರಿಕೆ ಎರಡರಲ್ಲೂ ಹೆಚ್ಚೂಕಮ್ಮಿ ಸಮಸಮ. ಸಣ್ಣ ಕೊಯ್ತವೇ ಬೇಗ ಮುಗಿಯುತ್ತೆ, ಖರ್ಚೂ ಕಮ್ಮಿ ಇದ್ದೀತು ಅಂದಿತು.

"ಹಾಗಾದ್ರೆ ಲ್ಯಾಪ್ರೋಸ್ಕೋಪಿ ಬೇಡ್ವಾ?" ಹಾಗಲ್ಲ ಸ್ವಾಮಿ. ಇವತ್ತು ಹೆಚ್ಚಿನ ಸರ್ಜನ್‌ಗಳ ಕೈ ಪಳಗಿರೋದೇ ಅದರಲ್ಲಿ, ಪಳಗಿದ ಕೈಯೇ ಕ್ಷೇಮ. ಪಿತ್ತನಾಳಕ್ಕೆ ಪೆಟ್ಟಾದರೆ ಹೊರಗಿನ ಗಾಯ ಎಷ್ಟು ಚಿಕ್ಕದಿದ್ದರೇನು?

ನನ್ನ ಜಗಳ ಇಷ್ಟೇ... ಸಾಲ ಮಾಡಿ ಬಂದವನಿಗೆ "ಇದೊಂದೇ ದಾರಿ" ಅನ್ನಬೇಡಿ. ಸಣ್ಣ ಕೊಯ್ತ ಚೆನ್ನಾಗಿ ಬಲ್ಲ ಡಾಕ್ಟರನ್ನ ಹಳಬ ಅಂತ ಹೀಯಾಳಿಸಬೇಡಿ. ಗಾಯದ ಉದ್ದ ಕೇಳೋ ಮುಂಚೆ "ಇಂಥವು ಎಷ್ಟು ಮಾಡಿದ್ದೀರಿ ಡಾಕ್ಟ್ರೇ?" ಅಂತ ಕೇಳಿ.